ಮಾಮಾ ಹೊಳ್ಳಿ ಕೇಳಿದ ಚಾದರ

ಹೊರಡುವ ಮುನ್ನ

ನಮ್ಮ ಸೋದರಮಾವ ಬಸಲಿಂಗಪ್ಪನವರು ಪರದೇಶಕ್ಕೆ ಹೊರಟಾಗ ಅವರ ಪೆಟ್ಟಿಗೆಯಲ್ಲಿ ಉಡುವ ಬಟ್ಟೆಗಿಂತ ಚಾದರಗಳೇ ಹೆಚ್ಚಿದ್ದವು. ಸೊಲ್ಲಾಪುರದ ನವಿ ಪೇಠದಲ್ಲಿರುವ ನಮ್ಮ ಬಟ್ಟೆ ಅಂಗಡಿಗೆ ಬಂದು, ಕಪಾಟಿನಲ್ಲಿದ್ದ ಒಳ್ಳೊಳ್ಳೆಯ ಸೊಲ್ಲಾಪುರಿ ಚಾದರಗಳನ್ನು ತಾವೇ ಆರಿಸಿ ಪಕ್ಕಕ್ಕಿಟ್ಟುಕೊಂಡರು. ಅಲ್ಲಿ ಚಳಿ ಜಾಸ್ತಿ, ಎರಡು ಸ್ವೆಟರ್ ಇಟ್ಟುಕೊಳ್ಳಿ ಎಂದು ನಾನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ.

"ಸ್ವೆಟರ್ ಹಾಕ್ಕೊಂಡು ಏನ್ ಮಾಡ್ಲೋ ಮಲ್ಲ್ಯಾ? ಅಲ್ಲಿ ಹತ್ತು ಮಂದಿ ಹಿರ್ಯಾರು ಭೇಟಿ ಆಗ್ತಾರ. ಬರಿಗೈಲೆ ನಿಂತ್ರ ಅಕ್ಕಲಕೋಟದ ಮಾನ ಹೋಗ್ತೈತಿ."

ಮಾಮಾಗೆ ಅಕ್ಕಲಕೋಟದ ಹತ್ತಿರ ಜೋಳದ ಹೊಲಗಳಿವೆ. ಊರಿನ ಕುಸ್ತಿ ಕಣಕ್ಕೂ ಅವರೇ ಯಜಮಾನರು. ಗೆದ್ದ ಪೈಲ್ವಾನನ ತಲೆಗೆ ಫೇಟಾ ಸುತ್ತಿ, ಹೆಗಲಿಗೆ ಚಾದರ ಹೊದಿಸುವುದು ಅವರ ಕೈಯಿಂದಲೇ ಆಗಬೇಕು. ಹೊದಿಸಿ ಹೊದಿಸಿ ಅದು ಅವರಿಗೆ ಚಟವಾಗಿಬಿಟ್ಟಿದೆ. ಒಮ್ಮೆ ಕಲೆಕ್ಟರ್ ಸಾಹೇಬರು ಬರುತ್ತಾರೆಂದು ಊರೆಲ್ಲ ಕಾದು ನಿಂತಿದ್ದಾಗ, ಮೊದಲು ಜೀಪಿನಿಂದ ಇಳಿದ ಡ್ರೈವರನಿಗೇ ಚಾದರ ಹೊದಿಸಿ ಕಾಯಿ ಕೊಟ್ಟರು. ತಪ್ಪು ಗೊತ್ತಾದ ಮೇಲೂ ವಾಪಸು ತೆಗೆದುಕೊಳ್ಳಲಿಲ್ಲ. ಸಾಹೇಬರಿಗೆ ಇನ್ನೊಂದು ತರಿಸಿದರು. ಒಮ್ಮೆ ಹೊದಿಸಿದ್ದನ್ನು ಹಿಂದಕ್ಕೆ ಕೇಳುವುದೆಂದರೆ ನಮ್ಮ ಕಡೆ ನಾಲ್ಕು ಮಂದಿಯ ಮುಂದೆ ಕೆನ್ನೆಗೆ ಹೊಡೆದ ಹಾಗೆ.

ಎಪ್ಪತ್ತರ ದಶಕದ ನಡುವಿನ ಮಾತು. ಇಲ್ಲಿಯ ಜೋಳದ ರೈತರು ಅಮೆರಿಕಕ್ಕೆ, ಅಲ್ಲಿಯವರು ಇಲ್ಲಿಗೆ ಹೋಗಿಬರುವ ಒಂದು ಏರ್ಪಾಡಿನಲ್ಲಿ ಮಾಮಾನ ಹೆಸರು ಬಂದಿತ್ತು. ಅವರಿಗೆ ಕನ್ನಡ, ಮರಾಠಿ ಬಿಟ್ಟರೆ ಬೇರೆ ಬಾರದು. ದುಭಾಷಿಯಾಗಿ ನಾನು ಹೋದೆ. ನನ್ನದು ನವಿ ಪೇಠದ ಇಂಗ್ಲಿಷ್. ಗಿರಾಕಿಗೆ ಸಾಕು, ಜಗಳಕ್ಕೆ ಸಾಲದು.

ಕಾನ್ಸಾಸಿನ ಜೋಳ

ನಾವು ಉಳಿದುಕೊಂಡಿದ್ದು ಕಾನ್ಸಾಸ್ ಎಂಬ ಸೀಮೆಯ ಒಂದು ಸಣ್ಣ ಊರಿನಲ್ಲಿ. ಹೆಸರು ಹೇಳಿದರೂ ನಿಮಗೆ ಹೊಳೆಯದು. ನಮಗೆ ಸೊಲ್ಲಾಪುರದ ಮಗ್ಗುಲಿನ ಮಂದ್ರೂಪ ಹೇಗೋ ಅವರಿಗೆ ಅದು ಹಾಗೆ. ನೆಲವೂ ಅಷ್ಟೇ ಸಪಾಟು. ಆದರೆ ಮೈಲುಗಟ್ಟಲೆ ಹೋದರೂ ಹೊಲದಲ್ಲಿ ಒಬ್ಬ ಮನುಷ್ಯ ಕಾಣುವುದಿಲ್ಲ, ಒಂದು ನಾಯಿಯೂ ಬೊಗಳುವುದಿಲ್ಲ.

ನಮ್ಮನ್ನು ಮನೆಯಲ್ಲಿ ಇಟ್ಟುಕೊಂಡವನು ವಾಲ್ಟರ್ ಎಂಬ ರೈತ. ಕೆಂಪು ಮುಖ, ದೊಡ್ಡ ಕೈ, ಕಡಿಮೆ ಮಾತು. ಹೆಂಡತಿ ಜೋನ್. ಮಗ ಡೇಲ್ ಊರ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ. ವಾಲ್ಟರ್ ಮೊದಲ ದಿನವೇ ಹೊಲಕ್ಕೆ ಕರೆದುಕೊಂಡು ಹೋದ. ಜೋಳ ಸೊಂಟದ ಎತ್ತರಕ್ಕೆ ನಿಂತಿತ್ತು, ತೆನೆ ಕೆಂಪಗೆ. ಮಾಮಾ ಒಂದು ತೆನೆ ಮುರಿದು ಅಂಗೈಯಲ್ಲಿ ತಿಕ್ಕಿ, ಊದಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು.

"ಇದರ ರೊಟ್ಟಿ ಹೆಂಗಾಗ್ತಾವ ಕೇಳು."

ಕೇಳಿದೆ. ವಾಲ್ಟರ್ ನಕ್ಕು, ಇದನ್ನು ಮನುಷ್ಯರು ತಿನ್ನುವುದಿಲ್ಲ, ಎಲ್ಲ ದನದ ಮೇವಿಗೆ ಎಂದ. ಅದನ್ನು ಮಾಮಾಗೆ ಹೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸಿ ಹೇಳಿಬಿಟ್ಟೆ. ಅವರು ಇನ್ನೂ ನಾಲ್ಕು ತೆನೆ ಮುರಿದು ಬಗಲಿಗೆ ಇಟ್ಟುಕೊಂಡರು.

ಮರುದಿನ ಮಾಮಾ ಅದೇ ಜೋಳವನ್ನು ಜೋನಳ ಕಾಫಿ ಬೀಜ ಪುಡಿಮಾಡುವ ಯಂತ್ರದಲ್ಲಿ ಹಿಟ್ಟು ಮಾಡಿಸಿ, ಅಡುಗೆಮನೆಯ ಕಟ್ಟೆಯ ಮೇಲೆ ರೊಟ್ಟಿ ಬಡಿಯತೊಡಗಿದರು. ಆ ಸದ್ದಿಗೆ ಮಹಡಿಯಲ್ಲಿದ್ದ ಜೋನ್ ಯಾರೋ ಯಾರಿಗೋ ಹೊಡೆಯುತ್ತಿದ್ದಾರೆಂದು ಓಡಿ ಬಂದಳು. ಮೊದಲ ರೊಟ್ಟಿ ಮುರಿಯಿತು, ಎರಡನೆಯದು ಸುಟ್ಟಿತು, ಮೂರನೆಯದು ಉಬ್ಬಿತು. ವಾಲ್ಟರ್ ಅದಕ್ಕೆ ಬೆಣ್ಣೆ ಸವರಿ ತಿಂದು, ಇನ್ನೊಂದಕ್ಕೆ ಕೈ ಚಾಚಿದ. ದನದ ಮೇವು ಎಂದು ಆಮೇಲೆ ಅವನು ಒಮ್ಮೆಯೂ ಅನ್ನಲಿಲ್ಲ. ಮಾಮಾಗೆ ತನ್ನ ದೊಡ್ಡ ಟ್ರ್ಯಾಕ್ಟರ್ ನಡೆಸಲು ಕೊಟ್ಟ. ಭಾಷೆ ಇಲ್ಲದ ಇಬ್ಬರು ರೈತರಿಗೆ ಹೊಲದಲ್ಲಿ ನನ್ನ ಅಗತ್ಯ ಬೀಳಲೇ ಇಲ್ಲ.

ಶುಕ್ರವಾರದ ಆಟ

ಆ ಸೀಮೆಯಲ್ಲಿ ಶುಕ್ರವಾರ ಸಂಜೆ ಊರಿಗೆ ಊರೇ ಶಾಲೆಯ ಮೈದಾನದಲ್ಲಿರುತ್ತದೆ. ಆಟಕ್ಕೆ ಫುಟ್‌ಬಾಲ್ ಎನ್ನುತ್ತಾರೆ, ಆದರೆ ನೋಡಲು ಕಬಡ್ಡಿಯ ಅಣ್ಣನಂತಿದೆ. ಚೆಂಡು ಹಿಡಿದವನ ಮೇಲೆ ಉಳಿದವರೆಲ್ಲ ಬೀಳುತ್ತಾರೆ, ಸೀಟಿ ಊದಿದ ಮೇಲೆ ಒಬ್ಬೊಬ್ಬರನ್ನೇ ಎತ್ತಬೇಕು.

ಎದುರಾಳಿ ತಂಡಕ್ಕೆ ವೈಕಿಂಗ್ ಎಂದು ಹೆಸರು. ಹಿಂದೆ ಯುರೋಪಿನ ಉತ್ತರದಿಂದ ಹಡಗಿನಲ್ಲಿ ಬಂದು ಊರು ಲೂಟಿ ಮಾಡುತ್ತಿದ್ದ ಯೋಧರಂತೆ. ಆ ಊರಿನವರು ತಲೆಗೆ ಕೊಂಬಿನ ಟೋಪಿ ಹಾಕಿಕೊಂಡು ಬಂದಿದ್ದರು. "ಕಾರಹುಣ್ಣಿವಿ ಎತ್ತಿನಂಗ ಕಾಣ್ತಾರಲ್ಲೋ" ಎಂದರು ಮಾಮಾ. ವಾಲ್ಟರನ ಊರಿನ ತಂಡಕ್ಕೆ ಆ ನೆಲದಲ್ಲಿ ಇವರಿಗಿಂತ ಮೊದಲು ಇದ್ದ ಒಂದು ಮೂಲನಿವಾಸಿ ಜನಾಂಗದ ಹೆಸರು. ಯುದ್ಧದಲ್ಲಿ ಹಿಂಜರಿಯದವರೆಂದು ಖ್ಯಾತಿ. ಆ ಹೆಸರನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಅದು ಈಗಾಗಲೇ ಸಾಕಷ್ಟು ಅಂಗಿಗಳ ಮೇಲೆ ಅಚ್ಚಾಗಿದೆ.

ಆಟ ಶುರುವಾಗುವ ಮೊದಲು ನಗಾರಿ ಬಡಿಯಿತು. ಎಲ್ಲರೂ ಎದ್ದು ನಿಂತರು. ಬಿಳಿ ಕುದುರೆಯ ಮೇಲೆ ಒಬ್ಬ ನಾಯಕ ಬಂದ. ತಲೆಯಿಂದ ಬೆನ್ನಿನವರೆಗೆ ಹದ್ದಿನ ಗರಿ, ಮುಖಕ್ಕೆ ಕೆಂಪು ಕಪ್ಪು ಬಣ್ಣ, ಕೈಯಲ್ಲಿ ಈಟಿ. ಸುತ್ತ ನಾಲ್ಕು ಮಂದಿ ಸೇವಕರು. ಮೈದಾನದ ನಡುವೆ ಇಳಿದು ಈಟಿಯನ್ನು ನೆಲಕ್ಕೆ ಚುಚ್ಚಿದ. ಜನ ಕೂಗಿದ ಕೂಗಿಗೆ ಹಲಗೆಯ ಮೆಟ್ಟಿಲುಗಳು ನಡುಗಿದವು.

"ಮಲ್ಲ್ಯಾ, ಆ ಮಂದಿಯ ಹಿರ್ಯಾ ಬಂದಾನ."

"ಯಾರಂತ ಕೇಳ್ತೀನಿ ತಡೀರಿ ಮಾಮಾ."

"ಕೇಳೋದು ಏನೈತಿ? ಮೊದಲ ಸತ್ಕಾರ, ಆಮ್ಯಾಲ ಹೆಸರು."

ಬಗಲಲ್ಲಿ ಚಾದರ ಸಿದ್ಧವೇ ಇತ್ತು. ನಾನು ಕೋಟಿನ ತುದಿ ಹಿಡಿಯುವುದರೊಳಗೆ ಮಾಮಾ ಮೆಟ್ಟಿಲಿಳಿದು, ಕಟಕಟೆ ದಾಟಿ, ಧೋತರ ರುಮಾಲಿನಲ್ಲಿ ಮೈದಾನದ ನಡುವೆ ನಡೆದೇಬಿಟ್ಟರು. ಆ ನಾಯಕ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ. ಮಾಮಾ ಚಾದರ ಬಿಡಿಸಿ, ಅವನ ಹೆಗಲಿಗೆ ಹೊದಿಸಿ, ತಲೆ ಬಾಗಿಸಿ ಕೈ ಮುಗಿದರು. ಆಮೇಲೆ ಬಿದ್ದ ಚಪ್ಪಾಳೆಯನ್ನು ನಾನು ನಮ್ಮ ಕಡೆ ಯಾವ ಮಂತ್ರಿಗೂ ಕೇಳಿಲ್ಲ. ಊರಿನ ಪತ್ರಿಕೆಯವನು ಓಡಿ ಬಂದು ಫೋಟೋ ಹೊಡೆದ.

ಆಟ ಮುಗಿದು ಮನೆಗೆ ಬಂದರೆ ಆ ನಾಯಕ ಅಡುಗೆಮನೆಯ ನಲ್ಲಿಯ ಕೆಳಗೆ ಮುಖ ತೊಳೆಯುತ್ತಿದ್ದ. ಬಣ್ಣ ಹೋದ ಮೇಲೆ ಡೇಲ್ ಉಳಿದ. ಆಡುವ ಹುಡುಗರಲ್ಲಿ ಇದ್ದಾನೆಂದು ನಾವು ತಿಳಿದಿದ್ದವನು ವೇಷದಲ್ಲಿದ್ದ. ಮಾಮಾ ಬಹಳ ಹೊತ್ತು ನಕ್ಕರು.

"ಹೋಗ್ಲಿ ಬಿಡೋ. ಕಲೆಕ್ಟರನ ಡ್ರೈವರಗಿಂತ ಇಂವ ಛಲೋ. ಇವರಪ್ಪನ ಮನ್ಯಾಗ ಉಣ್ಣಾಕತ್ತೀವಿ."

ವಾಲ್ಟರನ ಜಗಲಿ

ಪತ್ರಿಕೆ ಬಂದಾಗ ಮೊದಲ ಪುಟದಲ್ಲೇ ಮಾಮಾ ಕೈ ಮುಗಿದು ನಿಂತಿದ್ದರು. ದೂರದ ಪೂರ್ವದೇಶದ ಅತಿಥಿ ನಮ್ಮ ನಾಯಕನನ್ನು ಗೌರವಿಸಿದರು ಎಂದು ಕೆಳಗೆ ಬರೆದಿತ್ತು. ಜೋನ್ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಅದಾದ ಎರಡು ದಿನಕ್ಕೆ ಒಬ್ಬ ಮುದುಕಿ ತಾನೇ ಗಾಡಿ ನಡೆಸಿಕೊಂಡು ಬಂದಳು. ಎಸ್ತರ್ ಎಂದು ಹೆಸರು. ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದು ನಿವೃತ್ತಳಾದವಳು. ತಂಡಕ್ಕೆ ಯಾರ ಹೆಸರಿತ್ತೋ ಆ ಜನಾಂಗದವಳು. ವಾಲ್ಟರ್ ಟೋಪಿ ತೆಗೆದು ಅವಳಿಗೆ ಕುರ್ಚಿ ಹಾಕಿಕೊಟ್ಟು, ಕೊಟ್ಟಿಗೆಯಲ್ಲಿ ಕೆಲಸವಿದೆಯೆಂದು ಹೊರಟುಹೋದ. ಮಾಮಾ ಅವಳನ್ನು ಎಸ್ತರಬಾಯಿ ಎಂದರು. ಅವಳಿಗೂ ಅದು ಒಪ್ಪಿಗೆಯಾದಂತೆ ಕಂಡಿತು.

ಆಕೆ ಮೊದಲು ಕೇಳಿದ್ದು ಜಗಳದ ಮಾತಲ್ಲ. ಆ ಬಟ್ಟೆ ನೇಯ್ದವರು ಯಾರು ಎಂದಳು. ನಮ್ಮೂರ ಮಗ್ಗದ್ದು ಎಂದೆ. ಚೆನ್ನಾಗಿದೆ ಎಂದಳು. ಆಮೇಲೆ, ಅದನ್ನು ಯಾರಿಗೆ ಹೊದಿಸಿದಿರೆಂದು ಗೊತ್ತೇ ಎಂದಳು.

"ಗೊತ್ತಾತ್ರಿ. ಈ ಮನಿ ಹುಡುಗಾ."

ಹುಡುಗನಿಗಲ್ಲ, ಅವನು ತೊಟ್ಟ ಗರಿಗಳಿಗೆ ಹೊದಿಸಿದಿರಿ ಎಂದಳು ಆಕೆ. ಆ ಗರಿಗಳನ್ನು ತಮ್ಮಲ್ಲಿ ಒಂದೊಂದಾಗಿ ಗಳಿಸಬೇಕಂತೆ. ಅವಳ ತಂದೆಗೆ ಇದ್ದದ್ದು ಎರಡೇ. ಇಲ್ಲಿ ಪ್ರತಿ ವರ್ಷ ಒಬ್ಬ ಹುಡುಗ ಅಂಗಡಿಯಿಂದ ತಂದ ಬುಟ್ಟಿಗಟ್ಟಲೆ ಗರಿ ತೊಡುತ್ತಾನೆ. ಇದನ್ನು ಕನ್ನಡಕ್ಕೆ ತಂದು ಹೇಳಿದಾಗ ಮಾಮಾನ ನಗು ನಿಂತಿತು.

"ಕುಸ್ತೀನ ಹಿಡೀದ, ಗೆದ್ದಾಂವಗ ಕೊಡೋ ಗದಾ ಹೆಗಲ ಮ್ಯಾಲ ಇಟ್ಕೊಂಡಂಗ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಆದರೂ ಅವರು ಸುಲಭಕ್ಕೆ ಬಿಡುವವರಲ್ಲ. "ಕೇಳು ಅಕಿನ್ನ. ನಮ್ಮೂರ ಮರಾಠಾ ಹುಡುಗರು ತಮ್ಮ ಕಬಡ್ಡಿ ಟೀಮಿಗೆ ಮಾವಳೇರ ಹೆಸರು ಇಟ್ಟಾರ. ಶಿವಾಜಿ ಮಹಾರಾಜರ ದಂಡಿನ ಶೂರ ಮಂದಿ. ಶೂರರ ಹೆಸರು ಇಟ್ರ ಅದು ಮಾನ ಅಲ್ಲೇನು?"

ಎಸ್ತರಬಾಯಿ ಕಾಫಿ ಕಪ್ಪು ಕೆಳಗಿಟ್ಟು, ಆ ತಂಡದಲ್ಲಿ ಆಡುವವರು ಯಾರ ಮಕ್ಕಳು ಎಂದು ಕೇಳಿದಳು.

"ಅವರ ಮಕ್ಕಳ. ಮತ್ಯಾರ ಮಕ್ಕಳು ಆಡ್ತಾರ?"

ಈ ಶಾಲೆಯಲ್ಲಿ ತಮ್ಮವರ ಮಗುವೆಂದರೆ ಒಬ್ಬಳೇ, ತನ್ನ ಮೊಮ್ಮಗಳು ಎಂದಳು. ಶುಕ್ರವಾರ ಬಂದರೆ ಆ ಹುಡುಗಿ ಶಾಲೆಗೆ ಹೋಗುವುದಿಲ್ಲ. ಹೋದರೆ ಬೀದಿಯಲ್ಲಿ ಎಲ್ಲರೂ ಬಾಯಿಗೆ ಅಂಗೈ ಬಡಿದುಕೊಂಡು ಊಳಿಡುತ್ತಾರೆ, ನಿನ್ನ ಕುದುರೆ ಎಲ್ಲಿ ಎನ್ನುತ್ತಾರೆ. ತಂಡದ ಹೆಸರು ಇರಬೇಕೋ ಹೋಗಬೇಕೋ ಎಂದು ಗುರುವಾರ ಶಾಲಾ ಮಂಡಳಿ ಕೈ ಎತ್ತಿ ತೀರ್ಮಾನಿಸುತ್ತದೆ. ಹೆಸರು ಉಳಿದರೆ ಹುಡುಗಿಯನ್ನು ಒಕ್ಲಾಹೋಮಾದಲ್ಲಿರುವ ತಂಗಿಯ ಮನೆಗೆ ಕಳಿಸಬೇಕು. ತಮ್ಮ ಜನರನ್ನು ಸರಕಾರ ಹಿಂದೊಮ್ಮೆ ಇಲ್ಲಿಂದ ಎಬ್ಬಿಸಿ ಅಟ್ಟಿದ್ದು ಅಲ್ಲಿಗೇ. ತನ್ನ ಅಜ್ಜಿ ಅಲ್ಲಿಂದ ನಡೆದು ವಾಪಸು ಬಂದಿದ್ದಳು. ಈಗ ಮೊಮ್ಮಗಳನ್ನು ತಾನೇ ಬಸ್ಸು ಹತ್ತಿಸಬೇಕು ಎಂದಳು. ದನಿ ಏರಿಸಲಿಲ್ಲ, ಕಣ್ಣೀರು ಹಾಕಲಿಲ್ಲ. ನನಗೆ ಅದೇ ಕಷ್ಟವಾಯಿತು.

ಹೊರಡುವ ಮುನ್ನ ಆಕೆ, ನಿಮ್ಮಲ್ಲಿ ನಮ್ಮಂಥ ಜನ ಇಲ್ಲವೇ ಎಂದು ಕೇಳಿದಳು. ನಾನು ಸೊಲ್ಲಾಪುರದ ಮರ್ಯಾದೆ ಕಾಯಲೆಂದು ಏನೋ ಹಾರಿಕೆಯ ಮಾತು ಹುಡುಕುತ್ತಿದ್ದೆ. ಮಾಮಾ ಪ್ರಶ್ನೆ ಏನೆಂದು ತಿಳಿದುಕೊಂಡು ತಾವೇ ಉತ್ತರ ಕೊಟ್ಟರು.

"ಅದಾರ. ಸೊಲ್ಲಾಪುರದಾಗ ಸೆಟ್ಲಮೆಂಟ್ ಅಂತ ಐತಿ. ಹುಟ್ಟಿನಿಂದನ ಕಳ್ಳರು ಅಂತ ಹೇಳಿ ಆ ಮಂದೀನ ಬ್ರಿಟಿಷರು ತಂತಿ ಬೇಲ್ಯಾಗ ಇಟ್ಟಿದ್ರು. ಸ್ವರಾಜ್ಯ ಬಂದಮ್ಯಾಲ ಬೇಲಿ ತಗದ್ರು. ಆದ್ರ ನಮ್ಮ ಹುಡುಗರು ಜಗಳಾಡುವಾಗ ಈಗೂ ಆ ಮಂದಿ ಹೆಸರು ಹಿಡದು ಬೈತಾರ. ನಾವೂ ಬೈತೀವಿ."

ಅದನ್ನು ಇಂಗ್ಲಿಷಿಗೆ ತರುವಾಗ ಕೊನೆಯ ಎರಡು ಪದ ನುಂಗೋಣವೆನಿಸಿತು. ನುಂಗಲಿಲ್ಲ.

ಶಾಲೆಯ ಸಭಾಗೃಹ

ಗುರುವಾರ ಸಂಜೆ ವಾಲ್ಟರನೇ ನಮ್ಮನ್ನು ತನ್ನ ಗಾಡಿಯಲ್ಲಿ ಸಭೆಗೆ ಕರೆದುಕೊಂಡು ಹೋದ. ದಾರಿಯಲ್ಲಿ ಮಾಮಾ ನನ್ನ ಕಿವಿಯಲ್ಲಿ ಒಂದೇ ಮಾತು ಕೇಳಿದರು: "ಉಂಡ ಮನಿ ವಿರುದ್ಧ ಎದ್ದು ನಿಂತ್ರ ಪಾಪ ಬರ್ತೈತೇನೋ?"

"ನಾವು ಪಾವಣೇರು ಮಾಮಾ. ಎರಡು ದಿನ ಇದ್ದು ಹೋಗವರು. ಸುಮ್ಮನಿರೂಣ್ರಿ" ಎಂದೆ. ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿದವನಿಂದ ಬೇರೆ ಸಲಹೆ ಸಿಗುವುದಿಲ್ಲ.

ಸಭೆ ನಮ್ಮ ಗ್ರಾಮ ಪಂಚಾಯ್ತಿಯಂತೆಯೇ ಇತ್ತು. ವ್ಯತ್ಯಾಸವೆಂದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ, ಅದರಿಂದಾಗಿ ಸಿಟ್ಟೆಲ್ಲ ಒಳಗೇ ಉಳಿಯುತ್ತದೆ. ಮುಂದಿನ ಮೇಜಿನ ಮೇಲೆ ಆ ಗರಿಗಳ ಕಿರೀಟ, ಈಟಿ, ಜೊತೆಗೆ ವೇಷದ ಸಾಮಾನಿನಲ್ಲಿ ಸೇರಿಹೋಗಿದ್ದ ನಮ್ಮ ಚಾದರ. ಡೇಲ್ ಅಚ್ಚುಕಟ್ಟಾಗಿ ತಲೆ ಬಾಚಿಕೊಂಡು ಪಕ್ಕದಲ್ಲೇ ಕೂತಿದ್ದ.

ವಾಲ್ಟರ್ ಎದ್ದು ಎರಡೇ ಮಾತಾಡಿದ. ತನ್ನ ಅಜ್ಜ ಸ್ವೀಡನ್ನಿನಿಂದ ಬಂದವನು, ಪಕ್ಕದ ಊರಿನವರು ವೈಕಿಂಗ್ ಎಂದು ಕೊಂಬು ಕಟ್ಟಿಕೊಂಡು ಕುಣಿಯುತ್ತಾರೆ, ತನಗೆಂದೂ ಬೇಸರವಾಗಿಲ್ಲ, ಇದರಲ್ಲಿ ಕೆಟ್ಟ ಉದ್ದೇಶ ಯಾರಿಗೂ ಇಲ್ಲ ಎಂದ. ಅವನು ಹೇಳಿದ್ದು ನಿಜ, ಕೆಟ್ಟ ಉದ್ದೇಶವಿರುವವನ ಮುಖವೇ ಅಲ್ಲ ಅದು. ಎಸ್ತರಬಾಯಿ ತನ್ನ ಮೊಮ್ಮಗಳ ವಿಷಯ ಹೇಳಿದಳು. ಕೆಲವರು ತಲೆ ತಗ್ಗಿಸಿದರು.

ಆಗ ಮಂಡಳಿಯ ಅಧ್ಯಕ್ಷ ಪತ್ರಿಕೆಯನ್ನು ಎತ್ತಿ ಹಿಡಿದ. ನೋಡಿ, ಸಮುದ್ರದಾಚೆಯಿಂದ ಬಂದ ಒಬ್ಬ ಹಿರಿಯ, ನಮಗೆ ಏನೂ ಆಗಬೇಕಾಗದವನು, ನಮ್ಮ ನಾಯಕನನ್ನು ಕಂಡ ಕೂಡಲೇ ಗೌರವದಿಂದ ತಲೆ ಬಾಗಿದ್ದಾನೆ. ಇದರಲ್ಲಿ ಅವಮಾನ ಎಲ್ಲಿದೆ ಎಂದು ಕೇಳಿದ. ಎಲ್ಲರ ಕಣ್ಣು ನಮ್ಮ ಕಡೆ ತಿರುಗಿತು. ಮಾಮಾಗೆ ಮಾತು ತಿಳಿಯಲಿಲ್ಲ, ಫೋಟೋ ತಿಳಿಯಿತು. "ಏನಂದ?" ಎಂದರು. ಹೇಳಿದೆ. ರುಮಾಲು ಸರಿಮಾಡಿಕೊಂಡು ಎದ್ದು ನಿಂತರು.

"ನಾ ಪರದೇಶಿ. ನಿಮ್ಮ ಪಂಚಾಯ್ತ್ಯಾಗ ಬಾಯಿ ಹಾಕಬಾರದು. ಆದ್ರ ಆ ಪೇಪರಿನ್ಯಾಗ ನನ್ನ ಮಾರಿ ಐತಿ. ಹಿರ್ಯಾಗ ಹೊದಿಸಾಕತ್ತೀನಿ ಅಂತ ತಿಳದು ನಾ ವ್ಯಾಷಕ್ಕ ಹೊದಿಸಿದೆ. ನಮ್ಮ ಕುಸ್ತಿ ಕಣದಾಗ ಒಬ್ಬ ಪೈಲ್ವಾನ ಬ್ಯಾರೆ ತಾಲೀಮಿನ ಹೆಸರು ಹೇಳಿ ಇಳೀತಾನ ಅನ್ರಿ. ಆ ತಾಲೀಮಿನವರು ಎದ್ದು, ಇಂವ ನಮ್ಮಾಂವ ಅಲ್ಲ, ನಮ್ಮ ಹೆಸರು ಹೇಳಬಾರದು ಅಂದ್ರ ಮುಗೀತು. ಅದಕ್ಕ ವಾದ ಇಲ್ಲ. ಅಂವ ಕುಸ್ತಿ ಬಿಡಬೇಕಂತಿಲ್ಲ. ತನ್ನ ಹೆಸರಲೆ ಹಿಡೀಲಿ."

ತಾಲೀಮು ಎಂದರೆ ಪೈಲ್ವಾನರ ಗರಡಿಯೆಂದು ವಿವರಿಸಿ, ಉಳಿದದ್ದನ್ನು ಹೇಳಿ ಮುಗಿಸಿದೆ. ಮಾಮಾ ಇನ್ನೂ ನಿಂತೇ ಇದ್ದರು.

"ಹೊದಿಸಿದ ಚಾದರ ಹೊಳ್ಳಿ ಬೇಡಿದಾಂವ ನಮ್ಮ ಮನಿತನದಾಗ ಯಾರೂ ಇಲ್ಲ. ಇವತ್ತ ನಾ ಬೇಡಾಕತ್ತೀನಿ. ಕೊಡಪಾ ಡೇಲ್."

"ಇದನ್ನ ಹೇಳ್ಲಿ ಏನ್ರಿ ಮಾಮಾ?"

"ಹೇಳು. ಒಂದಕ್ಷರ ಕಡಿಮಿ ಮಾಡಬ್ಯಾಡ."

ಹೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ತಕ್ಷಣ ಸುಮ್ಮನಾದರು. ಅಧ್ಯಕ್ಷ ಅದು ಈಗ ಶಾಲೆಯ ಸ್ವತ್ತು ಎಂದೇನೋ ಶುರುಮಾಡಿದ. ಅಷ್ಟರಲ್ಲಿ ಡೇಲ್ ಎದ್ದು, ಚಾದರವನ್ನು ಮೇಜಿನಿಂದ ತೆಗೆದು, ಅಡ್ಡಾದಿಡ್ಡಿ ಮಡಿಸಿ ತಂದುಕೊಟ್ಟ. ಅವನ ಕಿವಿ ಕೆಂಪಾಗಿತ್ತು. ವಾಲ್ಟರ್ ತನ್ನ ಟೋಪಿಯೊಳಗೆ ನೋಡುತ್ತ ಕೂತಿದ್ದ.

ಆಮೇಲೆ ಮಂಡಳಿಯವರು ಕೈ ಎತ್ತಿದರು. ಹೆಸರು ಹೋಗಲಿ ಎಂದವರು ಮೂವರು, ಇರಲಿ ಎಂದವರು ನಾಲ್ವರು. ಹೆಸರು ಉಳಿಯಿತು. ಮಾಮಾಗೆ ಅದನ್ನು ಅನುವಾದಿಸಿ ಹೇಳಬೇಕಾಗಿರಲಿಲ್ಲ.

ಗಾಡಿ ನಿಲ್ಲಿಸುವ ಬಯಲು

ಹೊರಗೆ ಗಾಳಿ ಬೀಸುತ್ತಿತ್ತು. ಎಸ್ತರಬಾಯಿ ತನ್ನ ಗಾಡಿಯ ಕಡೆ ನಡೆಯುತ್ತಿದ್ದಳು. ಮಾಮಾ ಬಿರಬಿರನೆ ಹಿಂದೆ ಹೋಗಿ, ಚಾದರ ಬಿಡಿಸಿ ಅವಳ ಹೆಗಲಿಗೆ ಹಾಕಲು ಕೈ ಎತ್ತಿದರು. ಆಕೆ ಒಂದು ಅಂಗೈ ಮುಂದೆ ಮಾಡಿ ತಡೆದಳು.

ತಮ್ಮವರಿಗೆ ಕಂಬಳಿ ಕೊಟ್ಟವರು ಬಹಳ ಮಂದಿ, ಕೊಟ್ಟಾಗಲೆಲ್ಲ ಬದಲಿಗೆ ಏನಾದರೂ ಒಯ್ದಿದ್ದಾರೆ, ತನಗೆ ಇನ್ನು ಕಂಬಳಿಯ ಗೌರವ ಬೇಡ ಎಂದಳು. ನಿಮ್ಮ ಮಾವನ ಮೇಲೆ ಸಿಟ್ಟಿಲ್ಲವೆಂದು ಹೇಳು ಎಂದೂ ನನಗೆ ಹೇಳಿದಳು.

ಜೀವಮಾನದಲ್ಲಿ ಮೊದಲ ಸಲ ಮಾಮಾನ ಚಾದರ ಬೇಡವೆಂದವರನ್ನು ನಾನು ನೋಡಿದೆ. ಅವರು ಎತ್ತಿದ ಕೈಯಲ್ಲೇ ನಿಂತರು. ನನಗೆ ಬಹಳ ಕೆಡುಕೆನಿಸಿತು. ಆಮೇಲೆ ಅವರು ಚಾದರವನ್ನು ಗಾಳಿಗೆ ಒಮ್ಮೆ ಜಾಡಿಸಿ, ನಮ್ಮ ಅಂಗಡಿಯಲ್ಲಿ ಮಡಿಸುವ ಹಾಗೆ ತುದಿಗೆ ತುದಿ ಕೂಡಿಸಿ ಮಡಿಸಿದರು.

"ಸತ್ಕಾರ ಅಲ್ಲ ಅಂತ ಹೇಳು. ಹುಡುಗಿ ಪರ ಊರಿಗೆ ಹೊಂಟಾಳ. ಚಳಿ ಬಿದ್ದೈತಿ. ಹೊತ್ಕೊಂಡು ಮಲಗಾಕ ಅಂತ ಹೇಳು."

ಹೇಳಿದೆ. ಎಸ್ತರಬಾಯಿ ಮಾಮಾನ ಕಡೆ ತಿರುಗಿದಳು. ಇದನ್ನೂ ಆಮೇಲೆ ವಾಪಸು ಕೇಳುತ್ತಾನೋ ಎಂದಳು. ಅವಳ ತುಟಿಯಲ್ಲಿ ನಗು ಇತ್ತೋ ಇಲ್ಲವೋ ಆ ಬೆಳಕಿನಲ್ಲಿ ಗೊತ್ತಾಗಲಿಲ್ಲ.

"ಇಲ್ಲಾ ಅನ್ನು" ಎಂದರು ಮಾಮಾ.

ಆಕೆ ಚಾದರ ತೆಗೆದುಕೊಂಡಳು. ಆಚೆ ವಾಲ್ಟರ್ ತನ್ನ ಗಾಡಿ ಚಾಲೂ ಮಾಡಿ, ನಮಗಾಗಿ ಬಾಗಿಲು ತೆರೆದಿಟ್ಟು ಕಾಯುತ್ತಿದ್ದ. ನಾವು ಆ ಕಡೆ ತಿರುಗುವಾಗ ಎಸ್ತರಬಾಯಿ ತನ್ನ ಗಾಡಿಯ ಡಿಕ್ಕಿ ಎತ್ತಿದಳು. ಒಳಗೆ ಹುಡುಗಿಯ ಪೆಟ್ಟಿಗೆ, ಪುಸ್ತಕದ ಗಂಟು, ಒಂದು ಜೊತೆ ಬೂಟು, ಎಲ್ಲ ಹಗ್ಗ ಬಿಗಿದು ಜೋಡಿಸಿಟ್ಟಿತ್ತು. ಸಭೆಗೆ ಬರುವ ಮೊದಲೇ ಕಟ್ಟಿದ್ದು. ಚಾದರವನ್ನು ಪೆಟ್ಟಿಗೆಯ ಮೇಲೆ ಇಟ್ಟು ಡಿಕ್ಕಿ ಮುಚ್ಚಿದಳು.